ಸ್ಥಾನದತ್ತಾಂಶದ ಪ್ರದರ್ಶನ ಮತ್ತು ದಾಖಲೀಕರಣ: ಜಿಪಿಎಸ್‌ಡಿಯ ಆದೇಶಸಾಲು ಕ್ಲೈಂಟ್‌ಗಳು

1. ಪೀಠಿಕೆ

ಕ್ಷೇತ್ರಕಾರ್ಯದಲ್ಲಿ ತೊಡಗಿದ ಸಂಶೋಧಕನಿಗೆ ‘ಏನು’ ಎಂಬ ಪ್ರಶ್ನೆಯಷ್ಟೇ ‘ಎಲ್ಲಿ’ ಎಂಬ ಪ್ರಶ್ನೆಯೂ ಮುಖ್ಯವಾದುದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೊದಲ ಸಂಪುಟ 1886ರಲ್ಲಿ ಪ್ರಕಟವಾದ ಕಾಲದಲ್ಲಿ ಶಾಸನದ ನೆಲೆಯನ್ನು ಊರು, ದೇವಾಲಯ, ಹೊಲ, ಕೆರೆಯ ಏರಿ ಮೊದಲಾದವುಗಳ ಹೆಸರಿನಿಂದ ಸೂಚಿಸುವುದು ವಾಡಿಕೆಯಾಗಿತ್ತು. ಇಂದು ಅದೇ ಕೆಲಸಕ್ಕೆ ಅಕ್ಷಾಂಶ ರೇಖಾಂಶಗಳು ಬಂದಿವೆ. ಸಸ್ಯಸಂಗ್ರಹ, ಪಕ್ಷಿಗಣತಿ, ಅಂತರ್ಜಲ ಸಮೀಕ್ಷೆ, ಶಾಸನಶೋಧ ಇವೆಲ್ಲವುಗಳಲ್ಲಿಯೂ ಪ್ರತಿಯೊಂದು ನಮೂದಿನ ಪಕ್ಕದಲ್ಲಿ ಎರಡು ಸಂಖ್ಯೆಗಳು ಇರುವುದನ್ನು ಕಾಣುತ್ತೇವೆ.

ಹೆಸರಿನಿಂದ ಹೇಳಿದ ನೆಲೆಯಲ್ಲಿ ಒಂದು ಗುಣವಿತ್ತು. ಅದು ಸ್ಥೂಲವೆಂಬುದು ಓದುಗನಿಗೆ ತಾನಾಗಿಯೇ ತಿಳಿಯುತ್ತಿತ್ತು. ದಶಮಾಂಶದ ನಂತರ ಏಳೆಂಟು ಅಂಕೆಗಳಿರುವ ಸಂಖ್ಯೆಯಲ್ಲಿ ಆ ಎಚ್ಚರಿಕೆ ಇರುವುದಿಲ್ಲ. ಅದು ತಪ್ಪಾಗಿದ್ದರೂ ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ. ರಸ್ತೆಯ ಅಗಲೀಕರಣಕ್ಕಾಗಿ ಒಂದು ವೀರಗಲ್ಲನ್ನು ಸ್ಥಳಾಂತರಿಸಿದ ಬಳಿಕ ಅದರ ಮೂಲನೆಲೆಗೆ ಉಳಿಯುವ ಸಾಕ್ಷ್ಯ ನಾವು ಬರೆದುಕೊಂಡ ಸಂಖ್ಯೆ ಮಾತ್ರ. ಮರಳಿ ಹೋಗಿ ಅಳೆಯುವ ಅವಕಾಶ ಮತ್ತೆ ಒದಗುವುದಿಲ್ಲ.

ಆದುದರಿಂದ ಉಪಗ್ರಹ ರಿಸೀವರ್ ಕೊಡುವ ಮಾಹಿತಿಯನ್ನು ನೋಡುವುದು ಬೇರೆ, ಅದನ್ನು ಸಾಕ್ಷ್ಯವಾಗಿ ಉಳಿಸುವುದು ಬೇರೆ ಎಂಬುದನ್ನು ಅರಿಯುವುದು ಅಗತ್ಯ. ಜಿಪಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಜೊತೆಯಲ್ಲಿ ದೊರೆಯುವ ಕೆಲವು ಆದೇಶಸಾಲು ಕ್ಲೈಂಟ್‌ಗಳನ್ನು ಪರಿಚಯಿಸುತ್ತ ಈ ವ್ಯತ್ಯಾಸವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆದೇಶಸಾಲು ಎಂದರೆ ಚಿತ್ರ, ಗುಂಡಿಗಳ ನೆರವಿಲ್ಲದೆ ಕೀಲಿಮಣೆಯಲ್ಲಿ ಹೆಸರನ್ನು ಟೈಪಿಸಿ ಕಾರ್ಯಕ್ರಮವನ್ನು ನಡೆಸುವ ಕ್ರಮ. ಕ್ಲೈಂಟ್ ಎಂದರೆ ಇನ್ನೊಂದು ಕಾರ್ಯಕ್ರಮದಿಂದ ಮಾಹಿತಿಯನ್ನು ಕೇಳಿ ಪಡೆಯುವ ಕಾರ್ಯಕ್ರಮ.

2. ರಿಸೀವರಿನಿಂದ ಹೊರಬರುವ ಸಾಲುಗಳು

ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ವ್ಯವಸ್ಥೆ ಪೂರ್ಣ ಸಾಮರ್ಥ್ಯವನ್ನು ಪಡೆದುದು 1995ರಲ್ಲಿ. ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ಸೇರಿಸಲಾಗುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿದ ನಂತರವೇ ಅಗ್ಗದ ರಿಸೀವರುಗಳು ಕೆಲವು ಮೀಟರುಗಳ ಅಂತರದಲ್ಲಿ ನೆಲೆಯನ್ನು ಹೇಳತೊಡಗಿದವು. ಪ್ರತಿ ಉಪಗ್ರಹದಿಂದ ಸಂಕೇತ ಬಂದು ಸೇರಲು ತಗುಲಿದ ಕಾಲವನ್ನು ಅಳೆದು, ಆ ಕಾಲವನ್ನು ದೂರವಾಗಿಸಿ, ಕನಿಷ್ಠ ನಾಲ್ಕು ಉಪಗ್ರಹಗಳ ದೂರದಿಂದ ತನ್ನ ಸ್ಥಾನವನ್ನೂ ಗಡಿಯಾರದ ದೋಷವನ್ನೂ ರಿಸೀವರ್ ಲೆಕ್ಕಹಾಕುತ್ತದೆ. ಕಾಲದ ಅಳತೆಯಲ್ಲಿ ಒಂದು ಮೈಕ್ರೋಸೆಕೆಂಡು ತಪ್ಪಿದರೆ ದೂರದಲ್ಲಿ ಸುಮಾರು 300 ಮೀಟರ್ ತಪ್ಪುತ್ತದೆ.

ಈ ಲೆಕ್ಕದ ಫಲಿತಾಂಶ ಹೊರಬರುವ ಅತ್ಯಂತ ಪರಿಚಿತ ರೂಪ ಎನ್‌ಎಂಇಎ 0183 ಎಂಬ ಮಾನಕ. ನೌಕೆಗಳಲ್ಲಿನ ವಿದ್ಯುನ್ಮಾನ ಉಪಕರಣಗಳು ಪರಸ್ಪರ ಮಾತನಾಡಲೆಂದು ರೂಪುಗೊಂಡ ಈ ಮಾನಕದಲ್ಲಿ ಪ್ರತಿ ಸಾಲೂ ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ; ಅಲ್ಪವಿರಾಮಗಳಿಂದ ಬೇರ್ಪಟ್ಟ ಅಂಶಗಳನ್ನು ಹೊಂದಿರುತ್ತದೆ; ನಕ್ಷತ್ರ ಚಿಹ್ನೆಯ ನಂತರ ಪರಿಶೀಲನಾ ಸಂಖ್ಯೆಯೊಂದಿಗೆ ಮುಗಿಯುತ್ತದೆ. ಇದಲ್ಲದೆ ತಯಾರಕರು ತಮ್ಮದೇ ಆದ ದ್ವಿಮಾನ ರೂಪಗಳನ್ನೂ ಬಳಸುತ್ತಾರೆ. ಹೀಗಾಗಿ ಒಂದು ರಿಸೀವರಿಗೆಂದು ಬರೆದ ಕಾರ್ಯಕ್ರಮ ಇನ್ನೊಂದಕ್ಕೆ ಹೊಂದದಿರುವ ಸಾಧ್ಯತೆ ಇದೆ. ಒಂದೇ ಸರಣಿ ತಂತಿಯನ್ನು ಎರಡು ಕಾರ್ಯಕ್ರಮಗಳು ಏಕಕಾಲಕ್ಕೆ ಓದಲು ಹೊರಟರೆ ಸಾಲುಗಳು ಹರಿದುಹಂಚಿಹೋಗುವ ತೊಂದರೆಯೂ ಉಂಟು.

3. ಜಿಪಿಎಸ್‌ಡಿ ಎಂಬ ಮಧ್ಯವರ್ತಿ

ಈ ಎರಡು ತೊಡಕುಗಳಿಗೆ ಪರಿಹಾರವಾಗಿ ಬಂದುದು ಜಿಪಿಎಸ್‌ಡಿ. 1990ರ ದಶಕದ ಮಧ್ಯದಲ್ಲಿ ರೆಮ್ಕೊ ಟ್ರೆಫ್‌ಕಾರ್ನ್ ಆರಂಭಿಸಿದ ಈ ತಂತ್ರಾಂಶವನ್ನು 2004ರಿಂದ ಎರಿಕ್ ಎಸ್. ರೇಮಂಡ್ ವಿಸ್ತಾರವಾಗಿ ಪುನಾರಚಿಸಿದರು. ಬಿಎಸ್‌ಡಿ ಪರವಾನಗಿಯಲ್ಲಿ ಬಿಡುಗಡೆಯಾಗಿರುವುದರಿಂದ ಅದರ ಮೂಲಪಠ್ಯವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅಳತೆಯ ವಿಧಾನವನ್ನು ಬಹಿರಂಗಪಡಿಸಬೇಕಾದ ಸಂಶೋಧಕನಿಗೆ ಇದು ಸಣ್ಣ ಅನುಕೂಲವಲ್ಲ.

ಜಿಪಿಎಸ್‌ಡಿ ಗಣಕದ ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ರಿಸೀವರನ್ನು ಅದೊಂದೇ ಓದುತ್ತದೆ. ಯಾವ ತಯಾರಕನ ಯಾವ ರೂಪವಾದರೂ ಗುರುತಿಸಿ, ಅದನ್ನು ಏಕರೂಪದ ವರದಿಯಾಗಿ ಪರಿವರ್ತಿಸಿ, 2947 ಸಂಖ್ಯೆಯ ಟಿಸಿಪಿ ದ್ವಾರದ ಮೂಲಕ ಕೇಳಿದ ಕ್ಲೈಂಟ್‌ಗಳಿಗೆಲ್ಲ ಹಂಚುತ್ತದೆ. ಒಂದು ಕ್ಲೈಂಟ್ ಪರದೆಯ ಮೇಲೆ ತೋರಿಸುತ್ತಿರುವಾಗಲೇ ಇನ್ನೊಂದು ಕಡತಕ್ಕೆ ಬರೆಯುತ್ತಿರಬಹುದು. ಒಂದರಿಂದ ಇನ್ನೊಂದಕ್ಕೆ ಅಡ್ಡಿಯಿಲ್ಲ.

2009ರಿಂದ ಈ ವರದಿಗಳು ಜೇಸನ್ ಎಂಬ ಪಠ್ಯರೂಪದಲ್ಲಿವೆ. ಪ್ರತಿ ವರದಿಯೂ ಒಂದು ಸಾಲು. ಅವುಗಳಲ್ಲಿ ಎರಡು ವರ್ಗಗಳು ಇಲ್ಲಿ ಮುಖ್ಯ. ಟಿಪಿವಿ ಎಂಬ ವರ್ಗದಲ್ಲಿ ಕಾಲ, ಅಕ್ಷಾಂಶ, ರೇಖಾಂಶ, ಎತ್ತರ, ವೇಗ, ದಿಕ್ಕು, ಜೊತೆಗೆ ಇವುಗಳ ಅಂದಾಜು ದೋಷ ಇರುತ್ತವೆ. ಸ್ಕೈ ಎಂಬ ವರ್ಗದಲ್ಲಿ ಆಕಾಶದಲ್ಲಿ ಕಾಣುವ ಪ್ರತಿ ಉಪಗ್ರಹದ ಸಂಖ್ಯೆ, ದಿಗಂತದಿಂದ ಅದರ ಕೋನ, ಸಂಕೇತದ ಬಲ, ಹಾಗೂ ಅದನ್ನು ಲೆಕ್ಕಕ್ಕೆ ಬಳಸಲಾಯಿತೇ ಇಲ್ಲವೇ ಎಂಬ ಮಾಹಿತಿ ಇರುತ್ತದೆ. ಮೊದಲನೆಯದು ಉತ್ತರವಾದರೆ ಎರಡನೆಯದು ಆ ಉತ್ತರಕ್ಕೆ ಆಧಾರ.

4. ತೋರಿಸುವ ಕ್ಲೈಂಟ್‌ಗಳು

ಸಿಜಿಪಿಎಸ್: ಪಠ್ಯಪರದೆಯ ಮೇಲೆ ಚೌಕಟ್ಟುಗಳನ್ನು ಬಿಡಿಸಿ ಮಾಹಿತಿಯನ್ನು ತೋರಿಸುವ ಸರಳ ಕ್ಲೈಂಟ್ ಇದು. ಎಡಭಾಗದಲ್ಲಿ ಕಾಲ, ಸ್ಥಾನ, ಎತ್ತರ, ವೇಗ ಹಾಗೂ ಅಂದಾಜು ದೋಷಗಳು. ಬಲಭಾಗದಲ್ಲಿ ಉಪಗ್ರಹಗಳ ಪಟ್ಟಿ. ಆಯ್ಕೆಯ ಅಕ್ಷರವೊಂದರ ಮೂಲಕ ಸ್ಥಾನವನ್ನು ದಶಮಾಂಶ ಡಿಗ್ರಿಗಳಲ್ಲಿ, ಡಿಗ್ರಿ ನಿಮಿಷಗಳಲ್ಲಿ ಅಥವಾ ಡಿಗ್ರಿ ನಿಮಿಷ ಸೆಕೆಂಡುಗಳಲ್ಲಿ ತೋರುವಂತೆ ಮಾಡಬಹುದು. ಏನನ್ನೂ ಹೇಳದಿದ್ದರೆ ದಶಮಾಂಶ ಡಿಗ್ರಿಯನ್ನೇ ತೋರಿಸುತ್ತದೆ.

ಈ ಪರದೆಯಲ್ಲಿ ಮೊದಲು ನೋಡಬೇಕಾದುದು ಸ್ಥಾನವನ್ನಲ್ಲ, ಸ್ಥಿತಿಯನ್ನು. ಸ್ಥಾನ ದೊರೆತಿಲ್ಲ, ಎರಡು ಆಯಾಮಗಳಲ್ಲಿ ದೊರೆತಿದೆ, ಮೂರು ಆಯಾಮಗಳಲ್ಲಿ ದೊರೆತಿದೆ ಎಂಬ ಮೂರು ಸ್ಥಿತಿಗಳಿವೆ. ಎರಡು ಆಯಾಮಗಳ ಸ್ಥಿತಿಯಲ್ಲಿ ಎತ್ತರ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಆ ಕೊರತೆ ಸ್ಥಾನದ ನಿಖರತೆಯನ್ನೂ ಕೆಡಿಸಬಲ್ಲದು. ಅನಂತರ ಉಪಗ್ರಹಗಳ ಪಟ್ಟಿಯನ್ನು ಗಮನಿಸಬೇಕು. ಬಳಕೆಯಾದ ಉಪಗ್ರಹಗಳೆಲ್ಲ ಆಕಾಶದ ಒಂದೇ ಮೂಲೆಯಲ್ಲಿದ್ದರೆ, ಗೋಪುರದ ಅಥವಾ ಬೆಟ್ಟದ ಮಗ್ಗುಲಲ್ಲಿ ನಿಂತಾಗ ಆಗುವಂತೆ, ರೇಖೆಗಳು ಓರೆಯಾಗಿ ಛೇದಿಸಿ ದೋಷ ಹಿಗ್ಗುತ್ತದೆ.

ಭಾರತದಲ್ಲಿ ಈ ಪಟ್ಟಿಗೆ ಇನ್ನೊಂದು ಪ್ರಯೋಜನವಿದೆ. ಇಸ್ರೊ ಹಾಗೂ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರಗಳು ಕೂಡಿ ರೂಪಿಸಿದ ಗಗನ್ ವ್ಯವಸ್ಥೆ ಜಿಪಿಎಸ್ ದೋಷಗಳಿಗೆ ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಬಿತ್ತರಿಸುವ ವ್ಯವಸ್ಥೆ. ಅದರ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನಲ್ಲಿ. 127, 128 ಮೊದಲಾದ ಸಂಖ್ಯೆಗಳು ಗಗನ್‌ಗೆ ಸೇರಿದವು. ಪಟ್ಟಿಯಲ್ಲಿ ಇಂಥ ಸಂಖ್ಯೆಗಳು ಕಾಣಿಸಿ, ಸ್ಥಿತಿಯ ಸಾಲಿನಲ್ಲಿಯೂ ತಿದ್ದುಪಡಿಯ ಸೂಚನೆ ಇದ್ದರೆ ಮಾತ್ರ ಆ ಅಳತೆಗೆ ತಿದ್ದುಪಡಿ ದೊರೆತಿದೆ ಎನ್ನಬಹುದು.

ಜಿಪಿಎಸ್‌ಮಾನ್: ಇದು ಒಂದು ಹೆಜ್ಜೆ ಒಳಗೆ ಹೋಗಿ, ರಿಸೀವರ್ ಕಳಿಸುತ್ತಿರುವ ಮೂಲ ಸಾಲುಗಳನ್ನೇ ತೋರಿಸುತ್ತದೆ. ಜಿಪಿಎಸ್‌ಡಿಯ ಮೂಲಕವೂ ನೇರವಾಗಿ ರಿಸೀವರಿಗೂ ಸಂಪರ್ಕ ಹೊಂದಬಲ್ಲದು. ರಿಸೀವರ್ ಮಾತನಾಡುತ್ತಿದೆಯೇ, ಯಾವ ರೂಪದಲ್ಲಿ ಮಾತನಾಡುತ್ತಿದೆ ಎಂಬ ಸಂದೇಹ ಬಂದಾಗ ಇದು ಉಪಯುಕ್ತ. ಬಂದ ಸಾಲುಗಳನ್ನು ಕಡತಕ್ಕೆ ಬರೆಯುವ ಸೌಕರ್ಯವೂ ಇದರಲ್ಲಿ ಉಂಟು.

ಈ ಎರಡೂ ಕ್ಲೈಂಟ್‌ಗಳ ಮುಖ್ಯ ಕೆಲಸ ಆ ಕ್ಷಣದ ಮಾಹಿತಿಯನ್ನು ತೋರಿಸುವುದು. ಪರದೆಯಿಂದ ನೋಡಿ ಪುಸ್ತಕಕ್ಕೆ ಬರೆದುಕೊಂಡ ಸಂಖ್ಯೆಯಲ್ಲಿ ಸ್ಥಿತಿ, ದೋಷ, ಉಪಗ್ರಹಗಳು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಅಂಕೆಗಳ ಉದ್ದವೂ ದಾರಿತಪ್ಪಿಸುತ್ತದೆ. ಅಕ್ಷಾಂಶದ ದಶಮಾಂಶದಲ್ಲಿ ಐದನೆಯ ಅಂಕೆ ಸುಮಾರು 1.1 ಮೀಟರನ್ನೂ ಎಂಟನೆಯ ಅಂಕೆ ಸುಮಾರು ಒಂದು ಮಿಲಿಮೀಟರನ್ನೂ ಸೂಚಿಸುತ್ತದೆ. ಕೆಲವು ಮೀಟರುಗಳ ದೋಷವಿರುವ ಉಪಕರಣ ಮಿಲಿಮೀಟರಿನ ಅಂಕೆಯನ್ನು ಮುದ್ರಿಸಿದ ಮಾತ್ರಕ್ಕೆ ಅದನ್ನು ಅಳೆದಂತಾಗುವುದಿಲ್ಲ.

5. ದಾಖಲಿಸುವ ಕ್ಲೈಂಟ್‌ಗಳು

ಜಿಪಿಎಸ್‌ಪೈಪ್: ಹೆಸರೇ ಸೂಚಿಸುವಂತೆ ಇದು ಕೊಳವೆ. ಜಿಪಿಎಸ್‌ಡಿ ಕೊಟ್ಟುದನ್ನು ಹಾಗೆಯೇ ಪರದೆಗೋ ಕಡತಕ್ಕೋ ಹರಿಸುತ್ತದೆ. ಯಾವುದನ್ನು ಹರಿಸಬೇಕೆಂಬುದನ್ನು ಆಯ್ಕೆಯ ಅಕ್ಷರ ನಿರ್ಧರಿಸುತ್ತದೆ. ‘ಡಬ್ಲ್ಯು’ ಎಂದರೆ ಜೇಸನ್ ವರದಿಗಳು. ಇಂಗ್ಲಿಷಿನ ಸಣ್ಣ ‘ಆರ್’ ಎಂದರೆ ಎನ್‌ಎಂಇಎ ಸಾಲುಗಳು. ದೊಡ್ಡ ‘ಆರ್’ ಎಂದರೆ ರಿಸೀವರ್ ಕಳಿಸಿದ ಮೂಲ ದತ್ತಾಂಶ, ಯಾವ ಪರಿವರ್ತನೆಯೂ ಇಲ್ಲದೆ. ರಿಸೀವರ್ ದ್ವಿಮಾನ ರೂಪದಲ್ಲಿ ಮಾತನಾಡುತ್ತಿದ್ದರೆ ಸಣ್ಣ ‘ಆರ್’ ಕೊಡುವ ಸಾಲುಗಳನ್ನು ಜಿಪಿಎಸ್‌ಡಿಯೇ ರಚಿಸಿರುತ್ತದೆ. ಅವನ್ನು ಮೂಲವೆಂದು ಭಾವಿಸಬಾರದು.

‘ಎನ್’ ಆಯ್ಕೆಯಿಂದ ಎಷ್ಟು ಸಾಲುಗಳ ನಂತರ ನಿಲ್ಲಬೇಕೆಂದು ಹೇಳಬಹುದು. ಆದರೆ ಜೇಸನ್ ದಾಖಲೆಯ ಆರಂಭದ ಸಾಲುಗಳಲ್ಲಿ ಜಿಪಿಎಸ್‌ಡಿಯ ಆವೃತ್ತಿ, ಜೋಡಿಸಿದ ಸಾಧನ ಮೊದಲಾದ ವಿವರಗಳಿರುವುದರಿಂದ ಹತ್ತು ಸಾಲುಗಳೆಂದರೆ ಹತ್ತು ಸ್ಥಾನಗಳಲ್ಲ. ಈ ಆರಂಭದ ಸಾಲುಗಳನ್ನು ಅನಗತ್ಯವೆಂದು ಅಳಿಸುವವರಿದ್ದಾರೆ. ಅವು ದಾಖಲೆಯ ಶೀರ್ಷಿಕೆಪತ್ರವಿದ್ದಂತೆ. ಯಾವ ಆವೃತ್ತಿಯ ತಂತ್ರಾಂಶ ಈ ಸಂಖ್ಯೆಗಳನ್ನು ಕೊಟ್ಟಿತೆಂಬ ಪ್ರಶ್ನೆಗೆ ಮುಂದೊಂದು ದಿನ ಉತ್ತರ ಸಿಗುವುದು ಅಲ್ಲಿಯೇ.

ಜಿಪಿಎಕ್ಸ್‌ಲಾಗರ್: ಸಾಗಿದ ಹಾದಿಯನ್ನು ಜಿಪಿಎಕ್ಸ್ ರೂಪದಲ್ಲಿ ಬರೆಯುವ ಕ್ಲೈಂಟ್ ಇದು. ಎಕ್ಸ್‌ಎಂಎಲ್ ಆಧಾರಿತವಾದ ಈ ರೂಪವನ್ನು ಬಹುತೇಕ ನಕ್ಷೆಯ ತಂತ್ರಾಂಶಗಳು ಓದಬಲ್ಲವು. ಸ್ಥಾನಗಳ ನಡುವೆ ನಿಗದಿತ ಅವಧಿಗಿಂತ ಹೆಚ್ಚು ಬಿಡುವಾದರೆ, ಸಾಮಾನ್ಯವಾಗಿ 5 ಸೆಕೆಂಡು, ಹಾದಿಯನ್ನು ಅಲ್ಲಿಗೆ ಮುರಿದು ಹೊಸ ತುಂಡನ್ನು ಆರಂಭಿಸುತ್ತದೆ. ಸಂಕೇತ ಸಿಗದ ಕಡೆ ಎರಡು ತುದಿಗಳನ್ನು ಸುಳ್ಳು ಗೆರೆಯಿಂದ ಜೋಡಿಸದಿರಲು ಇದು ಸಹಾಯಕ. ಕನಿಷ್ಠ ಇಷ್ಟು ಮೀಟರ್ ಚಲಿಸಿದರೆ ಮಾತ್ರ ಬರೆಯಬೇಕೆಂದೂ ಸೂಚಿಸಬಹುದು.

ಆದರೆ ಜಿಪಿಎಕ್ಸ್ ದಾಖಲೆಗೆ ಎರಡು ಮಿತಿಗಳಿವೆ. ಒಂದು, ಉಪಗ್ರಹಗಳ ಸಂಖ್ಯೆ, ಅವುಗಳ ಜ್ಯಾಮಿತಿಯ ಗುಣಾಂಕ ಇವುಗಳಿಗೆ ಅದರಲ್ಲಿ ಜಾಗವಿದ್ದರೂ ಮೀಟರುಗಳಲ್ಲಿನ ಅಂದಾಜು ದೋಷಕ್ಕೆ ಮೂಲ ಮಾನಕದಲ್ಲಿ ಜಾಗವಿಲ್ಲ. ಎರಡು, ಎಕ್ಸ್‌ಎಂಎಲ್ ಕಡತ ಕೊನೆಯ ಮುಕ್ತಾಯ ಸಂಕೇತಗಳಿಲ್ಲದೆ ಪೂರ್ಣವಾಗುವುದಿಲ್ಲ. ನಡುವೆ ಬ್ಯಾಟರಿ ಮುಗಿದು ಗಣಕ ನಿಂತರೆ ಕಡತ ಅರ್ಧಕ್ಕೇ ಉಳಿದು, ಕೈಯಿಂದ ತಿದ್ದುವವರೆಗೆ ಹಲವು ತಂತ್ರಾಂಶಗಳು ಅದನ್ನು ತೆರೆಯಲು ನಿರಾಕರಿಸುತ್ತವೆ. ಜೇಸನ್ ದಾಖಲೆಯಲ್ಲಾದರೋ ಪ್ರತಿ ಸಾಲೂ ಸ್ವತಂತ್ರ. ಕೊನೆಯ ಸಾಲು ತುಂಡಾದರೂ ಡಿಸ್ಕ್ ಸೇರಿದ ಹಿಂದಿನ ಸಾಲುಗಳು ಹಾಗೆಯೇ ಉಳಿಯುತ್ತವೆ. ಆದುದರಿಂದ ಹಾದಿಯನ್ನು ನಕ್ಷೆಯಲ್ಲಿ ನೋಡಲು ಜಿಪಿಎಕ್ಸ್, ಸಾಕ್ಷ್ಯವಾಗಿ ಉಳಿಸಲು ಜೇಸನ್ ಎಂದು ವಿಂಗಡಿಸಿಕೊಳ್ಳುವುದು ಯುಕ್ತ.

6. ದಾಖಲೆ ತಪ್ಪುವ ಎಡೆಗಳು

(ಅ) ಡಿಗ್ರಿ ಮತ್ತು ನಿಮಿಷ: ಎನ್‌ಎಂಇಎ ಸಾಲಿನಲ್ಲಿ ಡಿಗ್ರಿ ಹಾಗೂ ನಿಮಿಷಗಳನ್ನು ನಡುವೆ ಯಾವ ಚಿಹ್ನೆಯೂ ಇಲ್ಲದೆ ಕೂಡಿಸಿ ಬರೆಯಲಾಗುತ್ತದೆ. ಹಂಪಿಯ ಪರಿಸರದ ಒಂದು ಅಕ್ಷಾಂಶ 1520.1000 ಎಂದು ಬಂದಿದೆ ಎಂದುಕೊಳ್ಳೋಣ. ಇದರ ಅರ್ಥ 15 ಡಿಗ್ರಿ 20.1 ನಿಮಿಷ, ಅಂದರೆ ದಶಮಾಂಶದಲ್ಲಿ 15.335 ಡಿಗ್ರಿ. ಇದನ್ನು ತಿಳಿಯದೆ ಚುಕ್ಕಿಯನ್ನು ಸರಿಸಿ 15.201 ಡಿಗ್ರಿ ಎಂದು ಬರೆದರೆ ನೆಲೆ ಸುಮಾರು 14.8 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಜಾರಿದ ನೆಲೆಯೂ ನಕ್ಷೆಯಲ್ಲಿ ನೆಲದ ಮೇಲೆಯೇ ಇರುವುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು. ಜೇಸನ್ ವರದಿಯಲ್ಲಿ ಸ್ಥಾನ ಯಾವಾಗಲೂ ದಶಮಾಂಶ ಡಿಗ್ರಿಯಲ್ಲಿಯೇ ಇರುವುದರಿಂದ ಈ ಅಪಾಯವಿಲ್ಲ.

(ಆ) ಆಧಾರಗೋಳ: ಜಿಪಿಎಸ್ ಸ್ಥಾನಗಳು ಡಬ್ಲ್ಯುಜಿಎಸ್ 84 ಎಂಬ ಆಧಾರದ ಮೇಲೆ ಇರುತ್ತವೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸ್ಥಳವಿವರಣ ನಕ್ಷೆಗಳು ಎವರೆಸ್ಟ್ ಆಧಾರಗೋಳವನ್ನು ಅನುಸರಿಸಿದವು. 2005ರ ರಾಷ್ಟ್ರೀಯ ನಕ್ಷಾ ನೀತಿಯ ತರುವಾಯ ಬಂದ ಮುಕ್ತ ಸರಣಿಯ ನಕ್ಷೆಗಳು ಡಬ್ಲ್ಯುಜಿಎಸ್ 84ನ್ನು ಅನುಸರಿಸುತ್ತವೆ. ಪರಿವರ್ತನೆ ಮಾಡದೆ ಜಿಪಿಎಸ್ ಸಂಖ್ಯೆಯನ್ನು ಹಳೆಯ ನಕ್ಷೆಯ ಮೇಲೆ ಗುರುತಿಸಿದರೆ ನಮ್ಮ ಪ್ರದೇಶದಲ್ಲಿ ನೂರು ಮೀಟರಿಗೂ ಮಿಗಿಲಾದ ವ್ಯತ್ಯಾಸ ಬರುತ್ತದೆ. ಕೆರೆಯ ಏರಿಯ ಮೇಲಿನ ಕಲ್ಲು ಕೆರೆಯೊಳಗೆ ಕಾಣಿಸಲು ಅಷ್ಟು ಸಾಕು.

(ಇ) ಎತ್ತರ: ಉಪಗ್ರಹದಿಂದ ದೊರೆಯುವ ಎತ್ತರ ಗಣಿತದ ದೀರ್ಘವೃತ್ತಗೋಳದಿಂದ ಅಳೆದುದು. ನಾವು ರೂಢಿಯಲ್ಲಿ ಹೇಳುವುದು ಸಮುದ್ರಮಟ್ಟದಿಂದ. ಭೂಮಿಯ ಗುರುತ್ವದ ತಗ್ಗು ಹಿಂದೂ ಮಹಾಸಾಗರದಲ್ಲಿ ಶ್ರೀಲಂಕೆಯ ದಕ್ಷಿಣಕ್ಕಿದ್ದು, ಅದರ ಪ್ರಭಾವದಿಂದ ಬೆಂಗಳೂರಿನ ಸುತ್ತಮುತ್ತ ಈ ಎರಡು ಎತ್ತರಗಳ ನಡುವೆ 80 ಮೀಟರಿಗೂ ಹೆಚ್ಚಿನ ಅಂತರವಿದೆ. ಜಿಪಿಎಸ್‌ಡಿಯ ಈಚಿನ ಆವೃತ್ತಿಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಹೆಸರುಗಳಿವೆ; ಅರ್ಥ ಸ್ಪಷ್ಟವಿಲ್ಲದ ಹಳೆಯ ಹೆಸರನ್ನು ಬಳಸದಿರಲು ಸೂಚಿಸಲಾಗಿದೆ. ನೀರಿನ ಮಟ್ಟವನ್ನು ಅಧ್ಯಯನ ಮಾಡುವವರು ಯಾವ ಎತ್ತರವೆಂದು ಬರೆಯದೆ ಹೋದರೆ ಎರಡು ಸಮೀಕ್ಷೆಗಳನ್ನು ಹೋಲಿಸುವುದು ಅಸಾಧ್ಯವಾಗುತ್ತದೆ.

(ಈ) ಕಾಲ: ದಾಖಲೆಯಲ್ಲಿರುವುದು ಜಾಗತಿಕ ಕಾಲಮಾನ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬೆಳಗಿನ ಜಾವ 5.15ಕ್ಕೆ ಕಂಡ ಹಕ್ಕಿಯ ನೆಲೆ ಕಡತದಲ್ಲಿ ಹಿಂದಿನ ದಿನದ 23.45 ಎಂದು ನಮೂದಾಗುತ್ತದೆ. ಕೈಬರಹದ ಟಿಪ್ಪಣಿಯನ್ನೂ ಕಡತವನ್ನೂ ದಿನಾಂಕದ ಮೇಲೆ ಜೋಡಿಸಲು ಹೊರಟವರು ಇಲ್ಲಿ ಎಡವುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆಯೂ ಒಂದಿದೆ. ಜಿಪಿಎಸ್‌ನ ಮೂಲ ಸಂದೇಶದಲ್ಲಿ ವಾರಗಳ ಎಣಿಕೆಗೆ ಹತ್ತು ಬಿಟ್‌ಗಳು ಮಾತ್ರ ಮೀಸಲಾಗಿದ್ದು, 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್ ಹಾಗೂ 2019ರ ಏಪ್ರಿಲ್‌ನಲ್ಲಿ ಹೀಗಾಯಿತು. ಯಾವ ಸುತ್ತಿನ ವಾರವೆಂಬುದನ್ನು ತಂತ್ರಾಂಶವೇ ಊಹಿಸಬೇಕು. ಈ ಊಹೆಗೆ ಸಂಬಂಧಿಸಿದ ದೋಷವೊಂದರಿಂದ ಜಿಪಿಎಸ್‌ಡಿಯ 3.20ರಿಂದ 3.22ರವರೆಗಿನ ಆವೃತ್ತಿಗಳು 2021ರ ಅಕ್ಟೋಬರ್ 24ರಂದು ದಿನಾಂಕವನ್ನು 1024 ವಾರ ಹಿಂದಕ್ಕೆ, 2002ರ ಮಾರ್ಚ್‌ಗೆ, ಒಯ್ಯುವಂತಿದ್ದವು. ದೋಷವನ್ನು ಮೊದಲೇ ಗುರುತಿಸಿ 3.23ರಲ್ಲಿ ಸರಿಪಡಿಸಲಾಯಿತು. ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡ ಗಣಕದ ದಾಖಲೆಯಲ್ಲಿ ಇಂಥ ದಿನಾಂಕ ಕಂಡರೆ, ಶೀರ್ಷಿಕೆಯ ಸಾಲಿನಲ್ಲಿರುವ ಆವೃತ್ತಿಯ ಸಂಖ್ಯೆಯೊಂದೇ ಕಾರಣವನ್ನು ಹೇಳಬಲ್ಲದು.

7. ಅನುಸರಿಸಬಹುದಾದ ಕ್ರಮ

ಮೇಲಿನ ಚರ್ಚೆಯಿಂದ ಕ್ಷೇತ್ರಕಾರ್ಯಕ್ಕೆ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಮೊದಲು ಸಿಜಿಪಿಎಸ್ ಪರದೆಯಲ್ಲಿ ಮೂರು ಆಯಾಮಗಳ ಸ್ಥಿತಿ ಬರುವವರೆಗೆ, ಅಂದಾಜು ದೋಷ ತಗ್ಗಿ ನಿಲ್ಲುವವರೆಗೆ ಕಾಯಬೇಕು. ಅನಂತರ ಜಿಪಿಎಸ್‌ಪೈಪ್ ಮೂಲಕ ಜೇಸನ್ ವರದಿಯನ್ನು ಕೆಲವು ನಿಮಿಷಗಳ ಕಾಲ ಕಡತಕ್ಕೆ ಬರೆಯಬೇಕು. ಸೆಕೆಂಡಿಗೊಂದರಂತೆ ಸ್ಥಾನ ಬಂದರೆ ಹತ್ತು ನಿಮಿಷಗಳಲ್ಲಿ 600 ಸ್ಥಾನಗಳು ದೊರೆಯುತ್ತವೆ. ಇವುಗಳ ಸರಾಸರಿ ಒಂಟಿ ಅಳತೆಗಿಂತ ಮೇಲು. ಆದರೆ ಅವು 600 ಸ್ವತಂತ್ರ ಅಳತೆಗಳಲ್ಲ. ವಾಯುಮಂಡಲದಿಂದ ಬರುವ ದೋಷ ನಿಧಾನವಾಗಿ ಬದಲಾಗುವುದರಿಂದ ಒಂದರ ಹಿಂದೊಂದು ಬಂದ ಸ್ಥಾನಗಳು ಒಂದೇ ಕಡೆಗೆ ವಾಲಿರುತ್ತವೆ. ಸಾಧ್ಯವಾದರೆ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯುವುದು ಲೇಸು. ಸ್ಥಾನಗಳು ಎಷ್ಟು ಚದುರಿವೆ ಎಂಬುದನ್ನು ಚಿತ್ರಿಸಲು ಜಿಪಿಎಸ್‌ಪ್ರಾಫ್ ಎಂಬ ಇನ್ನೊಂದು ಕ್ಲೈಂಟ್ ಇದೆ.

ಅಂದಾಜು ದೋಷವೂ ಕೇವಲ ಅಂದಾಜು ಎಂಬುದನ್ನು ಮರೆಯಬಾರದು. ಅದರ ಖಾತರಿಯ ಮಟ್ಟ ರಿಸೀವರಿನಿಂದ ರಿಸೀವರಿಗೆ ಬೇರೆಯಾಗಬಹುದು. ಕಲ್ಲುಗೋಡೆಗೆ ಬಡಿದು ಬಂದ ಸಂಕೇತದಿಂದಾದ ತಪ್ಪನ್ನು ರಿಸೀವರ್ ಎಷ್ಟೋ ಬಾರಿ ಅರಿಯದು. ಆದುದರಿಂದ ನಿಂತ ಜಾಗದ ಸ್ವರೂಪ, ಸುತ್ತಲಿನ ಮರ, ಗೋಡೆ, ಬಂಡೆಗಳ ಬಗ್ಗೆ ಕೈಬರಹದ ಟಿಪ್ಪಣಿ ಹಿಂದಿನಷ್ಟೇ ಅಗತ್ಯ.

ಪ್ರಕಟಣೆಯಲ್ಲಿ ಐದು ದಶಮಾಂಶ ಸ್ಥಾನಗಳು ಸಾಕು. ಆದರೆ ಆಧಾರಗೋಳ, ಎತ್ತರದ ಬಗೆ, ಅಂದಾಜು ದೋಷ, ಅಳೆದ ದಿನಾಂಕ ಹಾಗೂ ಕಾಲಮಾನ ಇವು ಸಂಖ್ಯೆಯ ಜೊತೆಯಲ್ಲಿಯೇ ಇರಬೇಕು. ಮೂಲ ಕಡತವನ್ನು ತಿದ್ದದೆ ಬೇರೆಯಾಗಿ ಇರಿಸಬೇಕು. ತಿದ್ದುಪಡಿಗಳನ್ನೆಲ್ಲ ಪ್ರತಿಯಲ್ಲಿಯೇ ಮಾಡಬೇಕು.

8. ಉಪಸಂಹಾರ

ಗ್ರಂಥಾಲಯಗಳು ಹಾಗೂ ದಾಖಲಾಗಾರಗಳು ಈ ವಿಷಯದಲ್ಲಿ ನಿರ್ವಹಿಸಬೇಕಾದ ಪಾತ್ರವೊಂದಿದೆ. ಸಮೀಕ್ಷೆಯ ವರದಿಯನ್ನು ಸ್ವೀಕರಿಸುವಾಗ ಮುದ್ರಿತ ಪಟ್ಟಿಯೊಂದಿಗೆ ಮೂಲ ದಾಖಲೆಯ ಕಡತವನ್ನೂ ಕೇಳಿ ಪಡೆಯುವ ಪದ್ಧತಿ ಬರಬೇಕು. ಜೇಸನ್, ಜಿಪಿಎಕ್ಸ್, ಎನ್‌ಎಂಇಎ ಇವೆಲ್ಲವೂ ಸರಳ ಪಠ್ಯರೂಪಗಳು. ಅವನ್ನು ತೆರೆಯಲು ನಿರ್ದಿಷ್ಟ ಸಂಸ್ಥೆಯ ತಂತ್ರಾಂಶ ಬೇಕಿಲ್ಲ. ಇಂದಿನ ನಕ್ಷೆಯ ತಂತ್ರಾಂಶಗಳು ಮರೆಯಾದ ಮೇಲೂ ಈ ಸಾಲುಗಳನ್ನು ಓದಿ ಅರ್ಥೈಸಲು ಸಾಧ್ಯವಿರುತ್ತದೆ.

ಆದೇಶಸಾಲಿನ ಈ ಪುಟ್ಟ ಕಾರ್ಯಕ್ರಮಗಳಲ್ಲಿ ನೋಟದ ಸೊಗಸಿಲ್ಲ. ಆದರೆ ಸ್ಥಾನದ ಜೊತೆಗೆ ಅದರ ದೋಷವನ್ನೂ, ಅದಕ್ಕೆ ಆಧಾರವಾದ ಉಪಗ್ರಹಗಳನ್ನೂ, ಲೆಕ್ಕಹಾಕಿದ ತಂತ್ರಾಂಶದ ಆವೃತ್ತಿಯನ್ನೂ ಅವು ಒಂದೇ ಕಡತದಲ್ಲಿ ಒಪ್ಪಿಸುತ್ತವೆ. ಶಾಸನದ ಪಾಠವನ್ನು ಪ್ರಕಟಿಸುವಾಗ ಅಳಿಸಿಹೋದ ಅಕ್ಷರಗಳನ್ನು ಚುಕ್ಕಿಗಳಿಂದ ತೋರಿಸುವುದು ನಮ್ಮ ವಿದ್ವತ್ತಿನಲ್ಲಿ ರೂಢವಾದ ಪ್ರಾಮಾಣಿಕ ಕ್ರಮ. ಶಾಸನದ ನೆಲೆಯನ್ನು ಹೇಳುವಾಗಲೂ ನಮಗೆ ತಿಳಿದುದು ಎಷ್ಟು, ಯಾವ ಅಂಕೆಯ ಮುಂದೆ ತಿಳಿಯದು ಎಂಬುದನ್ನು ಅದೇ ಬಗೆಯಲ್ಲಿ ತೋರಿಸಬೇಕಾಗಿದೆ.